ಸಿನಿಮಾದಲ್ಲಿ ಸಾವು ಎದುರು ಬಂದಾಗ ಆ ಪೆದ್ದ ಯಾಕೆ ಓಡುವುದಿಲ್ಲ?

ಪ್ರಶ್ನೆ: ನನಗೂ ನನ್ನ ತಮ್ಮನಿಗೂ ಬದುಕುಳಿಯುವ ಹೋರಾಟದ ಸಿನಿಮಾ ಅಂದರೆ ಪ್ರಾಣ. ಆದರೆ ಪ್ರತಿ ಸಲ ಜಗಳ. ದೈತ್ಯ ಅಲೆ ನುಗ್ಗಿ ಬರುತ್ತಿರುತ್ತದೆ, ಆ ಮನುಷ್ಯ ಬಾಯಿ ಬಿಟ್ಟುಕೊಂಡು ನಿಂತಿರುತ್ತಾನೆ. 'ಓಡೋ ಪೆದ್ದ' ಎಂದು ನಾನು ಕೂಗುತ್ತೇನೆ. ಐದು ನಿಮಿಷ ಕಳೆದರೆ ಅವನೇ ಪ್ಲಾನ್ ಹಾಕಿ ಹತ್ತು ಜನರನ್ನು ಕಾಪಾಡುತ್ತಾನೆ, ತಮ್ಮ ಶಿಳ್ಳೆ ಹೊಡೆಯುತ್ತಾನೆ. ಜೀವಕ್ಕೇ ಸಂಚಕಾರ ಬಂದಾಗ ಜನ ನಿಜವಾಗಿ ಹೀಗೆ ನಡೆದುಕೊಳ್ಳುತ್ತಾರಾ? ಕೊನೆಗೆ ಹೆಲಿಕಾಪ್ಟರ್ ಬಂದ ಕೂಡಲೇ ಎಲ್ಲ ಸರಿಹೋಗುವುದೂ ನಿಜಾನಾ?

ಉತ್ತರ: ಮೊದಲು ನಿಮ್ಮಿಬ್ಬರ ಜಗಳ ಬಗೆಹರಿಸಿಬಿಡೋಣ. ನೀವು ಬೈಯುವ ಸೀನೇ ನಿಜಕ್ಕೆ ಹತ್ತಿರ. ನಿಮ್ಮ ತಮ್ಮ ಶಿಳ್ಳೆ ಹೊಡೆಯುವ ಸೀನು ಬಹುಪಾಲು ಕಟ್ಟುಕಥೆ. ದುರಂತದ ಹೊತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವುದು, ಅದಕ್ಕೆ ತಕ್ಕ ತರಬೇತಿ ಕೊಡುವುದು ನನ್ನ ಕೆಲಸ. ಇಂಥ ಸಿನಿಮಾ ನೋಡುವಾಗ ಪಾತ್ರ ಗರಬಡಿದು ನಿಂತರೆ ನನಗೆ ಸಿಟ್ಟು ಬರುವುದಿಲ್ಲ. ಮರುಕ್ಷಣವೇ ಚುರುಕಾದರೆ ಬರುತ್ತದೆ.

1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಓಡುದಾರಿಯ ಮೇಲಿದ್ದ ಪ್ಯಾನ್ ಆ್ಯಮ್ ವಿಮಾನಕ್ಕೆ, ಮೇಲೇರಲು ಹೊರಟಿದ್ದ ಕೆಎಲ್ಎಂ ವಿಮಾನ ಅಪ್ಪಳಿಸಿತು. ಒಟ್ಟು 583 ಜನ ಸತ್ತರು. ವಿಮಾನಯಾನದಲ್ಲಿ ಅಪಘಾತವೊಂದಕ್ಕೆ ಇಷ್ಟು ಜನ ಬಲಿಯಾದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಪ್ಯಾನ್ ಆ್ಯಮ್ ವಿಮಾನದ ಚಾವಣಿ ಕಿತ್ತುಹೋಗಿತ್ತು, ಬೆಂಕಿ ಹಬ್ಬುತ್ತಿತ್ತು. ಒಳಗೆ ವಯಸ್ಸಾದ ದಂಪತಿ ಇದ್ದರು. ಹೆಂಡತಿಗೆ ಪೆಟ್ಟೇನೂ ಆಗಿರಲಿಲ್ಲ. ಆದರೂ ಕೂತಲ್ಲೇ ಕೂತಿದ್ದರು. ಕಿರುಚಲಿಲ್ಲ, ಅಳಲಿಲ್ಲ. ತಲೆ ಖಾಲಿಯಾಗಿತ್ತು, ಏನೂ ಕೇಳಿಸುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ಗಂಡ ಬೆಲ್ಟ್ ಬಿಚ್ಚಿ ಎದ್ದು, ನನ್ನ ಹಿಂದೆ ಬಾ ಅಂದರು. ಆ ಒಂದು ಮಾತಿಗೆ ಅವರು ಎದ್ದರು. ಒಡೆದ ಗೋಡೆಯಿಂದ ಹೊರಗೆ ಹೋಗುವಾಗ ತಿರುಗಿ ನೋಡಿದರೆ, ಜೊತೆಗೆ ಪ್ರವಾಸ ಬಂದಿದ್ದ ಗೆಳತಿ ತೊಡೆಯ ಮೇಲೆ ಕೈ ಕಟ್ಟಿಕೊಂಡು, ತುಟಿ ಅರೆತೆರೆದು ಸುಮ್ಮನೆ ಕೂತಿದ್ದರು. ಆ ಗೆಳತಿ ಬದುಕಲಿಲ್ಲ.

ಇದನ್ನು ಹೀಗ್ಹೀಗೇ ಸಿನಿಮಾ ಮಾಡಿದರೆ ಥಿಯೇಟರಿನಲ್ಲಿ ಏನಾಗುತ್ತದೆ ಹೇಳಿ. 'ಎದ್ದೇಳಮ್ಮ!' ಎಂದು ಜನ ಕೂಗುತ್ತಾರೆ. ನಟನೆ ಸರಿಯಿಲ್ಲ ಎಂದು ವಿಮರ್ಶೆ ಬರುತ್ತದೆ.

ಬ್ರಿಟಿಷ್ ಮನಃಶಾಸ್ತ್ರಜ್ಞ ಜಾನ್ ಲೀಚ್ ಇಂಥ ಘಟನೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಅವರ ಅಂದಾಜಿನಲ್ಲಿ ದಿಢೀರ್ ಅಪಾಯ ಬಂದಾಗ ನೂರಕ್ಕೆ 10ರಿಂದ 15 ಜನ ಮಾತ್ರ ತಲೆ ನೆಟ್ಟಗಿಟ್ಟುಕೊಂಡು ಕೆಲಸ ಮಾಡುತ್ತಾರೆ. ಇನ್ನು 10-15 ಜನ ಅಳುವುದು, ಕಿರುಚುವುದು, ತಮಗೇ ಕೇಡಾಗುವಂಥದ್ದೇನೋ ಮಾಡುವುದು. ಉಳಿದ ಮುಕ್ಕಾಲು ಪಾಲು ಜನ ಮಂಕಾಗಿಬಿಡುತ್ತಾರೆ. ಇದು ಎಲ್ಲ ದುರಂತಕ್ಕೂ ಅಳತೆ ಹಿಡಿದಂತೆ ಹೊಂದುವ ಲೆಕ್ಕವಲ್ಲ. ಆದರೆ ಸಿನಿಮಾದ ಲೆಕ್ಕ ಪೂರಾ ತಿರುಗುಮುರುಗು. ಅಲ್ಲಿ ಮುಕ್ಕಾಲು ಪಾಲು ಜನ ಕಿರುಚುತ್ತಾರೆ, ಕಾಲು ಪಾಲು ಹೀರೋಗಳು. ಮಂಕಾದವರು ಒಬ್ಬಿಬ್ಬರು, ಅವರೂ ಸುಮ್ನೆ ಸಾಯಲಿಕ್ಕೆ ಇರುವವರು.

ಯಾಕೆ ಹೀಗಾಗುತ್ತದೆ? ಹೆದರಿದ ಮೈ ಹೋರಾಡುತ್ತದೆ, ಇಲ್ಲವೇ ಓಡುತ್ತದೆ ಎಂದು ನಾವೆಲ್ಲ ಓದಿದ್ದೇವೆ. ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ನೂರು ವರ್ಷಕ್ಕೂ ಹಿಂದೆ ಹೇಳಿದ ಮಾತು ಅದು. ಸುಳ್ಳಲ್ಲ, ಅರ್ಧ ಅಷ್ಟೇ. ಇವೆರಡಕ್ಕೂ ಮೊದಲು ಅಲುಗಾಡದೆ ನಿಲ್ಲುವುದು ಇದೆ. ಮೊಲದಿಂದ ಹಿಡಿದು ಮನುಷ್ಯನವರೆಗೆ ಎಲ್ಲರಲ್ಲೂ ಇದೆ. ಬೇಟೆಗಾರ ಪ್ರಾಣಿಯ ಕಣ್ಣಿಗೆ ಬೀಳದಿರಲು ಇದು ಒಳ್ಳೆ ಉಪಾಯ. ಹೊಗೆಗೂ ನೀರಿಗೂ ಇದರಿಂದ ಏನೂ ಆಗಬೇಕಾಗಿಲ್ಲ. ಜೊತೆಗೆ ಇನ್ನೊಂದು ತೊಡಕು. ನಮ್ಮ ದಿನನಿತ್ಯದ ಕೆಲಸವೆಲ್ಲ ಅಭ್ಯಾಸದಿಂದ ನಡೆಯುತ್ತದೆ. ಮುಂದೇನು ಮಾಡಬೇಕು ಎಂಬುದು ಮೊದಲೇ ಸಿದ್ಧವಾಗಿರುತ್ತದೆ. ಹಿಂದೆಂದೂ ಕಾಣದ್ದು ಎದುರಾದಾಗ ಅಂಥ ಸಿದ್ಧ ಉತ್ತರ ಸಿಗುವುದಿಲ್ಲ. ಹೊಸದಾಗಿ ಯೋಚಿಸಬೇಕು. ಅದಕ್ಕೆ ಸಮಯ ಬೇಕು, ಆ ಸಮಯ ಇಲ್ಲ. ಟೆನೆರಿಫೆಯ ಆ ಗಂಡ ಯಾಕೆ ಎದ್ದರು ಗೊತ್ತಾ? ವಿಮಾನ ಹೊರಡುವ ಮುಂಚೆಯೇ ಅವರು ಸುರಕ್ಷತೆಯ ಕಾರ್ಡು ಓದಿ, ಬಾಗಿಲು ಎಲ್ಲೆಲ್ಲಿದೆ ಎಂದು ನೋಡಿಟ್ಟುಕೊಂಡಿದ್ದರು. ಹೊಸದಾಗಿ ಯೋಚಿಸುವ ಕೆಲಸ ಅವರಿಗೆ ಕಡಿಮೆ ಇತ್ತು.

ಇನ್ನು ನೀವು ಕೇಳದೇ ಬಿಟ್ಟ ಒಂದು ವಿಷಯ ಇದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಮಂಕಾಗುವುದಕ್ಕೂ ಮೊದಲು ಜನ ನಂಬುವುದೇ ಇಲ್ಲ.

1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ ಫಾರಂ ತುಂಬಲು ಕೊಟ್ಟರು. ಗೋಡೆಯ ಕಿಂಡಿಯಿಂದ ಒಳಗೆ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ವಿಷಯ ತಿಳಿಸಿದರು. ಪಕ್ಕದಲ್ಲಿ ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರನ್ನು ಕೂರಿಸಿದಾಗ ಹತ್ತರಲ್ಲಿ ಒಬ್ಬರು ಮಾತ್ರ ಎದ್ದರು. ಉಳಿದವರು ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಕೈಯಿಂದ ಹೊಗೆ ಸರಿಸಿಕೊಂಡು ಬರೆಯುತ್ತಲೇ ಹೋದರು. ಆಮೇಲೆ ಕೇಳಿದರೆ ಅದು ಆವಿ ಅಂದುಕೊಂಡೆವು, ಎಸಿಯಿಂದ ಬಂದದ್ದು ಅಂದುಕೊಂಡೆವು ಎಂಬ ಉತ್ತರ. ಇಬ್ಬರಂತೂ ಅದು ನಿಜ ಬಾಯಿಬಿಡಿಸುವ ಅನಿಲ ಇರಬೇಕು ಅಂದುಕೊಂಡಿದ್ದರಂತೆ! ಬೆಂಕಿ ಎಂಬ ಒಂದು ಉತ್ತರ ಬಿಟ್ಟು ಬೇರೆಲ್ಲ ಹೊಳೆದಿತ್ತು.

ಪ್ರಯೋಗದ ಮಾತು ಬಿಡಿ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಂದು ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಗುಲಿತು. ಅಲ್ಲಿದ್ದ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ. ಮೊದಲ ಕ್ಷಣಗಳಲ್ಲಿ ಜನ ನೋಡುತ್ತಾ ನಿಂತಿದ್ದಾರೆ. ಬೆಂಕಿಯೂ ಕಾರ್ಯಕ್ರಮದ ಭಾಗ ಎಂದುಕೊಂಡವರು ಎಷ್ಟೋ ಮಂದಿ. ವಾದ್ಯ ನಿಂತ ಮೇಲೆ ಕಾಲು ಕಿತ್ತರು. ಅದೂ ಬಹುಪಾಲು ಜನ ತಾವು ಒಳಗೆ ಬಂದಿದ್ದ ಮುಂಬಾಗಿಲಿಗೇ. ಬೇರೆ ಬಾಗಿಲುಗಳಿದ್ದವು. ಎರಡು ನಿಮಿಷವೂ ಆಗಿರಲಿಲ್ಲ, ಮುಂಬಾಗಿಲು ಜನರಿಂದಲೇ ಮುಚ್ಚಿಹೋಯಿತು. 100 ಜನ ಸತ್ತರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳಿಂದ ಪಾರಾದವರನ್ನು ತನಿಖೆಯವರು ಮಾತಾಡಿಸಿದಾಗಲೂ ಇದೇ ಕಥೆ. ಮೆಟ್ಟಿಲಿಳಿಯುವ ಮೊದಲು ಫೋನ್ ಮಾಡಿದ್ದಾರೆ, ಬ್ಯಾಗು ಹುಡುಕಿದ್ದಾರೆ, ಕಂಪ್ಯೂಟರ್ ಆಫ್ ಮಾಡಿದ್ದಾರೆ, ಪಕ್ಕದವರನ್ನು ಏನಾಯ್ತು ಎಂದು ವಿಚಾರಿಸಿದ್ದಾರೆ. 2004ರ ಸುನಾಮಿಯಲ್ಲಿ ಸಮುದ್ರ ಹಿಂದಕ್ಕೆ ಸರಿದಾಗ ಅದನ್ನು ನೋಡಲೆಂದೇ ದಡಕ್ಕೆ ಇಳಿದವರಿದ್ದರು. ಅದೇ ದಿನ ಥಾಯ್ಲೆಂಡಿನ ಒಂದು ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಬ್ರಿಟಿಷ್ ಹುಡುಗಿ, ನೀರು ನೊರೆ ಏಳುವುದನ್ನು ನೋಡಿಯೇ ಸುನಾಮಿ ಎಂದು ಹೇಳಿ ಜನರನ್ನು ಎಬ್ಬಿಸಿದಳು. ಅವಳ ಶಾಲೆಯ ಭೂಗೋಳ ಪಾಠದಲ್ಲಿ ಅದು ಆಗಷ್ಟೇ ಆಗಿತ್ತು.

ಹಾಗಾಗಿ ಪಾತ್ರಕ್ಕೆ ಪೆದ್ದ ಅನ್ನುವ ಮುಂಚೆ ಒಂದು ಸಂಗತಿ ನೆನಪಿಡಿ. ನಿಮಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಕೇಳಿಸುತ್ತಿದೆ, ಅವನಿಗೆ ಕೇಳಿಸುತ್ತಿಲ್ಲ. ನೀವು ಪೋಸ್ಟರ್ ನೋಡಿ, ಟಿಕೆಟ್ ಕೊಂಡು, ಅಲೆ ಬಂದೇ ಬರುತ್ತದೆ ಎಂದು ಗೊತ್ತಿದ್ದೇ ಕೂತಿದ್ದೀರಿ. ಅವನು ರಜೆಗೆ ಬಂದಿದ್ದಾನೆ. ನಿರ್ದೇಶಕರಿಗೂ ಇದು ಗೊತ್ತು. ಆದರೆ ಈ ನಂಬದಿರುವ ಹೊತ್ತನ್ನು ಇದ್ದಷ್ಟೇ ಉದ್ದಕ್ಕೆ ತೋರಿಸಿದರೆ ನೋಡುವವರು ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಎರಡು ಸೆಕೆಂಡಿನ ಬಾಯಿಬಿಟ್ಟ ಮುಖ, ಮರುಕ್ಷಣ ಓಟ.

ಆ ಓಟವೂ ಸಿನಿಮಾದಲ್ಲಿ ತಪ್ಪಾಗಿಯೇ ಬರುತ್ತದೆ. ಒಬ್ಬರನ್ನೊಬ್ಬರು ತುಳಿದು, ಮಕ್ಕಳನ್ನು ತಳ್ಳಿ, ಹುಚ್ಚುಹಿಡಿದಂತೆ ಓಡುವ ಗುಂಪು. ಅಮೆರಿಕದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಾಂಟೆಲ್ಲಿ ಜೀವಮಾನವಿಡೀ ದುರಂತಗಳನ್ನು ಅಭ್ಯಾಸ ಮಾಡಿ, ಇಂಥ ಸಾಮೂಹಿಕ ಹುಚ್ಚು ತುಂಬಾ ಅಪರೂಪ ಎಂದು ಹೇಳುತ್ತಲೇ ಬಂದರು. 2005ರ ಜುಲೈ 7ರಂದು ಲಂಡನ್ನಿನ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಕತ್ತಲ ಸುರಂಗದಲ್ಲಿ ಸಿಕ್ಕಿಬಿದ್ದ ಅಪರಿಚಿತರು ಒಬ್ಬರಿಗೊಬ್ಬರು ನೀರು ಕೊಟ್ಟರು, ಗಾಯಕ್ಕೆ ಬಟ್ಟೆ ಒತ್ತಿದರು, ಸಾಲಾಗಿ ನಡೆದು ಹೊರಬಂದರು. ಬಾಗಿಲಲ್ಲಿ ನೂಕುನುಗ್ಗಲು ಆಗುವುದು ಬಹಳ ಸಲ ಜಾಗ ಸಾಲದೆ, ತಡವಾಗಿ ಹೊರಟದ್ದರಿಂದ. ಕ್ರೌರ್ಯದಿಂದ ಅಲ್ಲ.

ಬೆಂಕಿಯ ಒಳಕ್ಕೇ ವಾಪಸು ಓಡುವ ಪಾತ್ರ ಇರುತ್ತದಲ್ಲ, ಅದನ್ನೂ ನೀವು ಬೈದಿರಬೇಕು. ಅದು ನಿಜ. 1973ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸಮ್ಮರ್‌ಲ್ಯಾಂಡ್ ಎಂಬ ಮನರಂಜನಾ ಕೇಂದ್ರ ಹೊತ್ತಿ ಉರಿದು 50 ಜನ ಸತ್ತರು. ಮನೆಯವರು ಬೇರೆ ಕಡೆ ಇದ್ದವರು ಬಾಗಿಲು ಬಿಟ್ಟು ಮೊದಲು ಅವರನ್ನೇ ಹುಡುಕಿಕೊಂಡು ಹೋಗಿದ್ದರು ಎಂದು ಆ ಘಟನೆಯ ಅಧ್ಯಯನದಲ್ಲಿ ಕಂಡುಬಂತು. ಆದರೆ ಹೆದರಿದ ನಾಲ್ವರು ಗೆಳೆಯರು 'ನಾವು ಬೇರೆ ಬೇರೆ ಹುಡುಕೋಣ' ಎಂದು ನಾಲ್ಕು ದಿಕ್ಕಿಗೆ ಹೋಗುವುದಿದೆಯಲ್ಲ, ಅದು ಬರೀ ಚಿತ್ರಕಥೆಗಾರನ ಅನುಕೂಲ. ಹೆದರಿದ ಜನ ಅಂಟಿಕೊಂಡೇ ಇರುತ್ತಾರೆ. ಅದನ್ನು ಧಾರಾಳವಾಗಿ ಬೈಯಿರಿ.

ಮೈಯ ವಿಷಯಕ್ಕೆ ಬಂದರೆ ಸಿನಿಮಾ ಕೆಲವು ಕಡೆ ಸರಿ, ಕೆಲವು ಕಡೆ ಶುದ್ಧ ಸುಳ್ಳು. ಕೊಲೆಗಾರ ಹಿಂದೆ ಬರುತ್ತಿದ್ದಾನೆ, ಕಾರಿನ ಕೀ ಕೈಯಿಂದ ಜಾರಿ ಬೀಳುತ್ತದೆ. ಎಲ್ಲರೂ ನಗುವ ಸೀನು ಇದು, ಆದರೆ ಅಪ್ಪಟ ನಿಜ. ಭಯದಲ್ಲಿ ಮೈಯ ಶಕ್ತಿಯೆಲ್ಲ ತೊಡೆ, ತೋಳಿನ ದೊಡ್ಡ ಸ್ನಾಯುಗಳ ಕಡೆ ತಿರುಗುತ್ತದೆ. ಬೆರಳು ನಡುಗುತ್ತವೆ. ಕೀ ತೂರಿಸುವುದು, ಗಂಟು ಬಿಚ್ಚುವುದು, ನಂಬರ್ ಒತ್ತುವುದು ಇವೇ ಮೊದಲು ಕೈಕೊಡುವ ಕೆಲಸಗಳು. ಅಪಘಾತವಾದ ವಿಮಾನಗಳಲ್ಲಿ ಜನ ಬೆಲ್ಟಿನ ಗುಂಡಿಯನ್ನು ಕಾರಿನಲ್ಲಿರುವಂತೆ ಸೊಂಟದ ಪಕ್ಕದಲ್ಲಿ ತಡಕಾಡಿದ್ದೂ ಉಂಟು. ಕೊಂಡಿ ಇರುವುದು ಹೊಟ್ಟೆಯ ಮೇಲೆ, ಕಣ್ಣೆದುರಿಗೇ! ಸ್ಫೋಟವಾದ ಮೇಲೆ ಶಬ್ದ ಪೂರ್ತಿ ಅಡಗಿಹೋದಂತೆ ತೋರಿಸುತ್ತಾರಲ್ಲ, ಅದೂ ಒಳ್ಳೆಯ ಚಿತ್ರಣ. ಗುಂಡಿನ ಕಾಳಗದಲ್ಲಿ ತಮ್ಮ ಬಂದೂಕಿನ ಸದ್ದೇ ಕೇಳಿಸಲಿಲ್ಲ ಎಂದ ಪೊಲೀಸರಿದ್ದಾರೆ.

ಎಲ್ಲವೂ ನಿಧಾನವಾಗಿ ಕಾಣುವ ಸ್ಲೋಮೋಷನ್? ಡೇವಿಡ್ ಈಗಲ್‌ಮನ್ ಎಂಬ ನರವಿಜ್ಞಾನಿಯ ತಂಡ ಇದನ್ನು ಪರೀಕ್ಷಿಸಿತು. ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿದರು. ತಮ್ಮ ಬೀಳುವಿಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದಾಗ, ಬೇರೆಯವರು ಬೀಳುವುದನ್ನು ನೋಡಿ ಹೇಳಿದ್ದಕ್ಕಿಂತ ಸರಾಸರಿ ನೂರಕ್ಕೆ 36ರಷ್ಟು ಜಾಸ್ತಿ ಹೇಳಿದರು. ಆದರೆ ಬೀಳುವಾಗ ಕೈಗೆ ಕಟ್ಟಿದ ಪುಟ್ಟ ಪರದೆಯಲ್ಲಿ ವೇಗವಾಗಿ ಮಿನುಗುವ ಅಂಕಿಗಳನ್ನು ಓದಲು ಅವರಿಗೆ ಆಗಲಿಲ್ಲ. ಅಂದರೆ ಆ ಗಳಿಗೆಯಲ್ಲಿ ಕಣ್ಣು ಚುರುಕಾಗಿರಲಿಲ್ಲ. ನೆನಪು ಮಾತ್ರ ದಟ್ಟವಾಗಿ ಉಳಿದಿತ್ತು. ಸ್ಲೋಮೋಷನ್ನಿನಲ್ಲಿ ಬುಲೆಟ್ ತಪ್ಪಿಸಿಕೊಳ್ಳುವ ಹೀರೋಗೆ ಇದರಿಂದ ಯಾವ ಸಹಾಯವೂ ಇಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾನು ಸಿನಿಮಾದವರನ್ನು ಸುಲಭವಾಗಿ ಬಿಡುವುದಿಲ್ಲ. ಅವರು ತೋರಿಸುವ ಮುಳುಗುವಿಕೆಯಲ್ಲಿ ಕೈ ಬೀಸುವುದು, 'ಕಾಪಾಡಿ' ಎಂದು ಕೂಗುವುದು, ನೀರು ಚಿಮ್ಮಿಸುವುದು ಇರುತ್ತದೆ. ನಿಜವಾಗಿ ಮುಳುಗುತ್ತಿರುವವರು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬರುವ ಅರೆಕ್ಷಣದಲ್ಲಿ ಉಸಿರು ಎಳೆದುಕೊಂಡರೆ ಹೆಚ್ಚು. ಕೈಗಳು ತಾವಾಗಿ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ಮೈ ನೆಟ್ಟಗೆ ನಿಂತಂತಿರುತ್ತದೆ. ಇದೆಲ್ಲ 20ರಿಂದ 60 ಸೆಕೆಂಡು, ಆಮೇಲೆ ಮುಳುಗಿಹೋಗುತ್ತಾರೆ. ಇದನ್ನು ವಿವರವಾಗಿ ದಾಖಲಿಸಿದವರು ಫ್ರಾನ್ಸೆಸ್ಕೊ ಪಿಯಾ ಎಂಬ ಜೀವರಕ್ಷಕ. ನೋಡಲು ನೀರಿನಲ್ಲಿ ಸುಮ್ಮನೆ ನಿಂತಂತೆ ಕಾಣುವುದರಿಂದ ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ಸಿನಿಮಾ ನೋಡಿ ಕಲಿತವರು ಕೂಗಿಗಾಗಿ ಕಾಯುತ್ತಾರೆ.

ಹಿಮದಂಥ ನೀರಿನಲ್ಲಿ ತೇಲುತ್ತಾ ಉದ್ದುದ್ದ ಮಾತಾಡುವ ಪ್ರೇಮಿಗಳೂ ಹಾಗೆಯೇ. ಮೊದಲ ಒಂದು ನಿಮಿಷ ಉಸಿರೇ ಹತೋಟಿಯಲ್ಲಿರುವುದಿಲ್ಲ, ಏದುಸಿರು. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆಯಷ್ಟು ಹಿಡಿಯಬಹುದು. ಕೆನಡಾದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ಎಷ್ಟೋ ಸಲ ತಣ್ಣೀರಿಗಿಳಿದು ಕಲಿಸಿಕೊಟ್ಟ ಲೆಕ್ಕ ಇದು. ಇನ್ನು ಚಳಿಯಿಂದ ಸಾಯುವ ಹಂತಕ್ಕೆ ಬಂದ ಕೆಲವರು ಸೆಖೆಯೆಂದು ಬಟ್ಟೆ ಬಿಚ್ಚಿ ಎಸೆಯುತ್ತಾರೆ. ಅದನ್ನು ನಿರ್ದೇಶಕರು ತೋರಿಸುವುದು ಅಪರೂಪ. ತೋರಿಸಿದರೆ ಜನ ನಕ್ಕುಬಿಡುತ್ತಾರೆ.

ಈಗ ನಿಮ್ಮ ತಮ್ಮನ ಹೀರೋ. ಅಂಥವರು ಇಲ್ಲ ಅನ್ನುತ್ತಿಲ್ಲ, ಇದ್ದಾರೆ. ಆದರೆ ದಿನಗಟ್ಟಲೆ ಬದುಕುಳಿದವರ ಕೆಲಸ ಬೇಸರ ಹುಟ್ಟಿಸುವಷ್ಟು ಚಿಕ್ಕ ಚಿಕ್ಕದು. 1972ರ ಅಕ್ಟೋಬರ್ 13ರಂದು 45 ಜನರಿದ್ದ ವಿಮಾನ ಆಂಡಿಸ್ ಪರ್ವತದಲ್ಲಿ ಬಿತ್ತು. 72 ದಿನಗಳ ಬಳಿಕ 16 ಜನ ಬದುಕಿ ಬಂದರು. ಸತ್ತವರ ಮಾಂಸ ತಿಂದದ್ದೇ ಎಲ್ಲರಿಗೂ ನೆನಪು. ನಾನು ನೋಡುವುದು ಬೇರೆಯದನ್ನು. ಲೋಹದ ಹಾಳೆಯ ಮೇಲೆ ಹಿಮ ಹರಡಿ ಬಿಸಿಲಿಗೆ ಕರಗಿಸುವ ಕೆಲಸ ಕೆಲವರಿಗೆ. ವಿಮಾನದ ಚೂರುಪಾರಿನಿಂದ ಕಣ್ಣಿಗೆ ಕಪ್ಪು ಕನ್ನಡಕ ಮಾಡಿದವರು ಒಬ್ಬರು. ಮಲಗುವ ಚೀಲ ಹೊಲಿದವರು ಕೆಲವರು. ಹುಡುಕಾಟ ನಿಲ್ಲಿಸಿದ್ದಾರೆ ಎಂದು ರೇಡಿಯೋದಲ್ಲಿ ಕೇಳಿದಾಗ ಹಲವರು ಅತ್ತರು. ಒಬ್ಬ ಹುಡುಗ ಮಾತ್ರ ಇದು ಒಳ್ಳೆ ಸುದ್ದಿ, ಇನ್ನು ನಮ್ಮ ದಾರಿ ನಾವೇ ನೋಡಿಕೊಳ್ಳುತ್ತೇವೆ ಅಂದನಂತೆ. ಕೊನೆಗೆ ನಾಂಡೊ ಪರಾಡೊ ಮತ್ತು ರಾಬರ್ಟೊ ಕನೆಸ್ಸಾ ಹತ್ತು ದಿನ ನಡೆದು ಸಹಾಯ ತಂದರು. 1985ರಲ್ಲಿ ಪೆರುವಿನ ಪರ್ವತದಲ್ಲಿ ಕಾಲು ಮುರಿದುಕೊಂಡ ಜೋ ಸಿಂಪ್ಸನ್, ಗಡಿಯಾರ ನೋಡಿ, ಅಗೋ ಆ ಬಂಡೆಯವರೆಗೆ 20 ನಿಮಿಷದಲ್ಲಿ ತೆವಳಬೇಕು ಎಂದು ಗುರಿ ಇಟ್ಟುಕೊಳ್ಳುತ್ತಾ ದಿನಗಟ್ಟಲೆ ತೆವಳಿದರು. ಅವರ ತಲೆಯೊಳಗೆ ಆಜ್ಞೆ ಮಾಡುವ ಒಂದು ಧ್ವನಿ ಇತ್ತು. ಸಿನಿಮಾದಲ್ಲಿ ಸತ್ತ ಅಪ್ಪ ಬಂದು ಮಾತಾಡುವುದನ್ನು ಅತಿ ಅನ್ನುತ್ತೀರಲ್ಲ, ಅದು ಅಷ್ಟೇನೂ ಅತಿಯಲ್ಲ. 1916ರಲ್ಲಿ ಅಂಟಾರ್ಕ್ಟಿಕ ಅನ್ವೇಷಕ ಶ್ಯಾಕಲ್ಟನ್ ಮತ್ತು ಇಬ್ಬರು ಸಂಗಡಿಗರು ಸೌತ್ ಜಾರ್ಜಿಯಾ ದ್ವೀಪ ದಾಟುವಾಗ ತಾವು ಮೂವರಲ್ಲ, ನಾಲ್ವರಿದ್ದೇವೆ ಎಂದು ಅನಿಸಿತ್ತು.

ಪ್ಲಾನ್ ಹೊಳೆಯುವ ರೀತಿಯೂ ಸಿನಿಮಾದಂತಲ್ಲ. 2003ರಲ್ಲಿ ಅಮೆರಿಕದ ಯೂಟಾದ ಕಂದರದಲ್ಲಿ ಬಂಡೆ ಕೈಯನ್ನು ಕಚ್ಚಿಹಿಡಿದಾಗ ಏರನ್ ರಾಲ್‌ಸ್ಟನ್ ಐದು ದಿನ ಬಂಡೆ ಕೆತ್ತಿದರು, ಹಗ್ಗ ಕಟ್ಟಿ ಎಳೆದರು, ಮನೆಯವರಿಗೆ ವಿಡಿಯೋದಲ್ಲಿ ವಿದಾಯ ಹೇಳಿದರು. ಮೊಂಡು ಚಾಕುವಿನಿಂದ ಮೂಳೆ ಕತ್ತರಿಸಲು ಆಗುತ್ತಿರಲಿಲ್ಲ. ಆರನೇ ದಿನ ಬೆಳಿಗ್ಗೆ ಸಿಟ್ಟಿನಿಂದ ಮೈ ಒದ್ದಾಡಿಸಿದಾಗ ಮೂಳೆ ಬಾಗಿದ್ದು ಗೊತ್ತಾಯಿತು. ಅದನ್ನು ಮುರಿದು, ಕೈ ಕತ್ತರಿಸಿಕೊಂಡು ಪಾರಾಗಬಹುದು ಎಂಬುದು ಆಗ ಹೊಳೆಯಿತು. ದಾರಿ ತೋರಿಸಿದ್ದು ಜಾಣತನವಲ್ಲ, ರೊಚ್ಚು. ಈ ಕಥೆಯನ್ನೇ ಆಧರಿಸಿದ '127 ಅವರ್ಸ್' 2010ರಲ್ಲಿ ಬಂತು. ಅದು ಹೆಚ್ಚುಕಡಿಮೆ ಸಾಕ್ಷ್ಯಚಿತ್ರದಂತೆಯೇ ಇದೆ ಎಂದು ರಾಲ್‌ಸ್ಟನ್ ಅವರೇ ಹೇಳಿದ್ದಾರೆ. ನಿಮ್ಮಿಬ್ಬರಿಗೂ ಜಗಳವಿಲ್ಲದೆ ನೋಡಬಹುದಾದ ಸಿನಿಮಾ ಅದು.

ಉಳಿದದ್ದು ಹೆಲಿಕಾಪ್ಟರ್. ಇದರಲ್ಲಿ ಸಿನಿಮಾ ಬಹಳ ದೊಡ್ಡ ತಪ್ಪು ಮಾಡುತ್ತದೆ. ತಣ್ಣೀರಿನಲ್ಲಿ ಗಂಟೆಗಟ್ಟಲೆ ತೇಲಿದವರಲ್ಲಿ ಕೆಲವರು ರಕ್ಷಣೆಯ ಹೊತ್ತಿನಲ್ಲೇ ಕುಸಿದು ಸಾಯುತ್ತಾರೆ. ದೋಣಿ ಕಂಡಾಗ, ಮೇಲೆತ್ತುವಾಗ, ಎತ್ತಿದ ಸ್ವಲ್ಪ ಹೊತ್ತಿಗೆ. ಸುತ್ತ ಒತ್ತಿ ಹಿಡಿದಿದ್ದ ನೀರು ತಪ್ಪಿದಾಗ ರಕ್ತದೊತ್ತಡ ಬೀಳುತ್ತದೆ. ಇನ್ನು ಬದುಕಿದೆ ಎಂದು ಮನಸ್ಸು ಸಡಿಲಾಗುವುದೂ ಒಂದು ಕಾರಣ ಎನ್ನುತ್ತಾರೆ. ಅದಕ್ಕೇ ರಕ್ಷಣಾ ತಂಡದವರು ಆದಷ್ಟು ಅಂಥವರನ್ನು ಮಲಗಿಸಿದ ಭಂಗಿಯಲ್ಲೇ ಎತ್ತುತ್ತಾರೆ. ತೋಳು ಹಿಡಿದು ನೆಟ್ಟಗೆ ಎಳೆದುಕೊಳ್ಳುವ ಸಿನಿಮಾ ಹೀರೋ ಆ ವ್ಯಕ್ತಿಯ ಜೀವಕ್ಕೇ ಕುತ್ತು ತರಬಹುದು.

ಹಾಗೆಯೇ ವಾರಗಟ್ಟಲೆ ಉಪವಾಸ ಬಿದ್ದವರಿಗೆ ಕೊನೆಯ ಸೀನಿನಲ್ಲಿ ತಟ್ಟೆ ತುಂಬಾ ಊಟ ಬಡಿಸುತ್ತಾರಲ್ಲ, ಅದಂತೂ ನೋಡಲಾಗುವುದಿಲ್ಲ. ಬರಿಹೊಟ್ಟೆಗೆ ಒಮ್ಮೆಲೇ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಫಾಸ್ಫೇಟ್ ಕುಸಿಯುತ್ತದೆ, ಹೃದಯ ನಿಲ್ಲಬಹುದು. 2010ರ ಆಗಸ್ಟ್ 5ರಂದು ಚಿಲಿಯ ಗಣಿ ಕುಸಿದು 33 ಕಾರ್ಮಿಕರು ಒಳಗೆ ಸಿಕ್ಕಿಬಿದ್ದಾಗ ಅವರ ಬಳಿ ಇದ್ದದ್ದು ಎರಡು ಮೂರು ದಿನಕ್ಕಾಗುವಷ್ಟು ಆಹಾರ. ಅದನ್ನೇ ಚಮಚದ ಲೆಕ್ಕದಲ್ಲಿ ಹಂಚಿಕೊಂಡಿದ್ದರು. 17ನೇ ದಿನ ಕೊರೆದ ರಂಧ್ರ ಅವರನ್ನು ತಲುಪಿತು. ಮೇಲಿನಿಂದ ಮೊದಲು ಇಳಿಸಿದ್ದು ಊಟವಲ್ಲ, ಗ್ಲೂಕೋಸ್ ಮತ್ತು ಔಷಧಿ. ಗಟ್ಟಿ ಆಹಾರ ಆಮೇಲೆ, ಸ್ವಲ್ಪ ಸ್ವಲ್ಪವಾಗಿ, ವೈದ್ಯರು ಹೇಳಿದ ಹಾಗೆ. 69 ದಿನಗಳ ಬಳಿಕ ಹೊರಬಂದಾಗಲೂ ಎಲ್ಲರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ನೇರ ಆಸ್ಪತ್ರೆಗೆ ಕರೆದೊಯ್ದರು.